ಇರುವೆ ಮುತ್ತದ ಕೌದಿ

ನೆವಾರ್ಕ್
೧೪ ಅಕ್ಟೋಬರ್ ೨೦೦೦, ಶನಿವಾರ

ಪ್ರೀತಿಯ ಕಾವ್ಯಾ,

ಹೇಗಿದ್ದೀ? ಹಾಲು ಸಾಕಷ್ಟು ಬರುತ್ತಿದೆಯೇ? ನಿನ್ನ ತಾಯಿ ದಿನವೂ ಬೆನ್ನಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಾರೆ ತಾನೇ? ಇಪ್ಪತ್ತೆರಡು ದಿನದ ಬಾಣಂತಿ ಕಿವಿಗೆ ಹತ್ತಿ ಇಟ್ಟುಕೊಳ್ಳದೆ ಅಂಗಳದಲ್ಲಿ ಓಡಾಡುತ್ತಾಳೆ ಎಂದು ಅವರು ಫೋನಿನಲ್ಲಿ ದೂರು ಹೇಳಿದರು. ನನ್ನ ಮಾತನ್ನು ಕೇಳದವಳು ಅವರ ಮಾತನ್ನು ಕೇಳುತ್ತೀಯಾ, ಬಿಡು. ಇಲ್ಲಿ ಎಲ್ಲರೂ ಮಗುವಿಗೆ ಅಮೆರಿಕದ ಪಾಸ್‌ಪೋರ್ಟು ಸಿಗಲೆಂದು ಇಲ್ಲೇ ಹೆರುತ್ತಾರೆ; ನೀನೊಬ್ಬಳು ಹಟ ಹಿಡಿದು ಹುಬ್ಬಳ್ಳಿಯ ತವರಿಗೆ ಹೋದೆ. ಆಗ ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಈಗ ನೀನೂ ಕೂಸೂ ಈ ಮನೆಯಲ್ಲಿ ಇಲ್ಲದಿರುವುದೇ ನನಗೆ ದೊಡ್ಡ ಸಮಾಧಾನ. ಯಾಕೆ ಎಂದು ಹೇಳುವುದಕ್ಕೇ ಈ ಪತ್ರ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಕಾರ್ಡು ನೋಡಿ ಅಷ್ಟುದ್ದದ ನಂಬರು ಒತ್ತುವವನು ವೀರಣ್ಣ, ಮಾತು ಮುಗಿಯುವ ತನಕ ಪಕ್ಕದಲ್ಲೇ ನಿಂತಿರುತ್ತಾನೆ. ಮೂವತ್ತು ವರ್ಷ ರೋಣದ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ನಿಜ ಹೇಳಲು ಕಲಿಸಿದ ನಾನು ಈಗ ನನ್ನ ಮಗನ ಎದುರಿಗೇ ಮಾತು ನುಂಗುತ್ತಿದ್ದೇನೆ. ಇವತ್ತು ಅವನಿಗೆ ಶಿಫ್ಟು ಇದೆ, ಮನೆಯಲ್ಲಿ ನಾನೊಬ್ಬಳೇ. ಹಸಿ ಬಾಣಂತಿಗೆ ಇಂಥದ್ದನ್ನು ಬರೆಯಬಾರದು, ಗೊತ್ತು. ನಿನ್ನ ಕೂಸಿಗೆ ಏನೂ ತೊಂದರೆಯಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತೊಂದರೆ ಇರುವುದು ನಾವು ಕೌದಿ ಕೊಟ್ಟ ಹನ್ನೆರಡು ಮನೆಗಳ ಕೂಸುಗಳಿಗೆ.

ಜೂನ್‌ನಲ್ಲಿ ವಿಮಾನ ಹತ್ತುವ ಮೊದಲು ನೀನು ನನ್ನನ್ನು ಅಡಿಗೆಮನೆಯ ಮೇಜಿನ ಮುಂದೆ ಕೂರಿಸಿ ಕೌದಿ ಮಾರುವ ಪಾಠ ಮಾಡಿದ್ದೆಯಲ್ಲ. ಕೆಳಗಿನ ಮನೆಯ ತಿರುಮಲೇಶ ಕೆಲಸಕ್ಕಿದ್ದ ಡಾಟ್ ಕಾಮ್ ಕಂಪನಿ ಒಂದು ಸಾಮಾನನ್ನೂ ಮಾರುವ ಮೊದಲೇ ಎಮರಿವಿಲ್‌ನಲ್ಲಿ ಎರಡು ಮಹಡಿ ಬಾಡಿಗೆಗೆ ಹಿಡಿದು, ನೌಕರರಿಗೆ ಪಿಂಗ್‌ಪಾಂಗ್ ಮೇಜು ಹಾಕಿಸಿ, ವರ್ಷ ತುಂಬುವುದರೊಳಗೆ ಬೀಗ ಹಾಕಿತು. ನಾವು ಹಾಗೆ ಮಾಡಬಾರದು ಎಂದೆ ನೀನು. "ಅತ್ತಿ, ಮೊದ್ಲ ಹನ್ನೆರಡ ಮಾಡೋಣ. ಹನ್ನೆರಡ ಮನಿಗೆ ಪುಕ್ಕಟೆ ಕೊಡೋಣ. ತಿಂಗಳ ಬಿಟ್ಟು ಹೋಗಿ ಕೇಳೋಣ. ಅಂಗಡಿ, ವೆಬ್‌ಸೈಟು ಎಲ್ಲಾ ಆಮ್ಯಾಲೆ," ಎಂದೆ. ನನಗೆ ನಿನ್ನ ಬುದ್ಧಿ ಮೆಚ್ಚುಗೆಯಾಯಿತು, ಆಗ ಹೇಳಲಿಲ್ಲ ಅಷ್ಟೆ. ತೊಟ್ಟಿಲ ಅಳತೆಯ ಪುಟ್ಟ ಕೌದಿಗಳು. ಮೇಲೂ ಕೆಳಗೂ ನಮ್ಮ ಹಳೆಯ ಸೀರೆ, ನಡುವೆ ನಾಲ್ಕು ಪದರು ಮೆತ್ತನೆಯ ಬಿಳಿ ಬಟ್ಟೆ. ಪರೀಕ್ಷೆಗೆಂದು ಮಾಡುವುದಕ್ಕೆ ಹೊಸ ಬಟ್ಟೆ ಕೊಳ್ಳುವುದು ಬೇಡ ಎಂದು ನೀನೇ ಹೇಳಿದ್ದೆ. ವೀರಣ್ಣ ತಾನು ಕೆಲಸ ಮಾಡುವ ಕಂಪ್ಯೂಟರ್ ಚಿಪ್ ಕಾರ್ಖಾನೆಯಿಂದ ಮೂರು ರಟ್ಟಿನ ಪೆಟ್ಟಿಗೆ ತುಂಬ ಬಿಳಿ ಬಟ್ಟೆ ತಂದುಕೊಟ್ಟ. ಯಂತ್ರ ಒರೆಸಲು ತರಿಸಿದ ಹೊಸ ಬಟ್ಟೆ, ಅಂಚು ಸರಿಯಿಲ್ಲವೆಂದು ಎಸೆಯುತ್ತಾರೆ ಎಂದ. ಎಳೆ ಬಿಡದ, ಕೂಸಿನ ಕೆನ್ನೆಯಷ್ಟು ಮೃದುವಾದ ಬಟ್ಟೆ. ಸ್ವಲ್ಪ ಸಿಹಿ ವಾಸನೆ ಇತ್ತು. ಎರಡು ಸಲ ತೊಳೆದೆ, ಹೋಯಿತು ಎಂದುಕೊಂಡೆ. ಹೊಲಿಯಲು ಕೂತಾಗಲೆಲ್ಲ ತಲೆ ನೋಯುತ್ತಿತ್ತು. ಕನ್ನಡಕದ ನಂಬರು ಬದಲಾಗಿರಬೇಕು ಎಂದು ಅದರ ಮೇಲೆ ಹಾಕಿದೆ.

ಸೆಪ್ಟೆಂಬರ್ ಒಂಬತ್ತಕ್ಕೆ ಎಲ್ಲವನ್ನೂ ಕೊಟ್ಟು ಮುಗಿಸಿದೆವು. ನೀನು ಬರೆದಿಟ್ಟ ಪಟ್ಟಿಯಂತೆ ಐದು ಇಲ್ಲೇ ನೆವಾರ್ಕಿನಲ್ಲಿ, ಆರು ಫ್ರೀಮಾಂಟಿನಲ್ಲಿ, ಒಂದು ಸರಟೋಗಾದ ಆ ಗುಡ್ಡದ ಮನೆಗೆ. ಮೂರು ವಾರವಾದ ಮೇಲೆ ನಿನ್ನ ಪ್ರಶ್ನೆಗಳ ಹಾಳೆ ಹಿಡಿದು ಫೋನು ಮಾಡತೊಡಗಿದೆ. ಚೆನ್ನಾಗಿದೆಯೇ ಎಂದು ಕೇಳಬೇಡಿ, ನಮ್ಮ ಜನ ಮುಖದ ಮೇಲೆ ಚೆನ್ನಾಗಿಲ್ಲ ಅನ್ನುವುದಿಲ್ಲ; ಎಷ್ಟು ಸಲ ತೊಳೆದಿರಿ, ರಾತ್ರಿ ಮಗುವಿನ ಕೆಳಗೆ ಹಾಸಿದಿರೋ ಮೇಲೆ ಹೊದಿಸಿದಿರೋ, ಅದನ್ನು ಕೇಳಿ ಎಂದು ನೀನು ಹೇಳಿದ್ದೆ. ನಾನು ಅದನ್ನೇ ಕೇಳಿದೆ. ಅವರೆಲ್ಲ ಹೇಳಿದ್ದು ಮಾತ್ರ ಬೇರೆ ಒಂದೇ ಮಾತು. ಕೂಸು ಚೆನ್ನಾಗಿ ನಿದ್ದೆ ಮಾಡುತ್ತದೆ. ಎರಡು ಗಂಟೆಗೊಮ್ಮೆ ಏಳುತ್ತಿದ್ದದ್ದು ಈಗ ಬೆಳಗಿನವರೆಗೂ ಮಿಸುಕುವುದಿಲ್ಲ. ಹಾಲಿಗೂ ಅಳುವುದಿಲ್ಲ. ಮೊದಲ ಮನೆಯವರು ಹೇಳಿದಾಗ ಹಿಗ್ಗಿದೆ. ಐದನೆಯವರು ಹೇಳಿದಾಗ ನಮ್ಮ ಅಂಗಡಿಗೆ ಏನು ಹೆಸರಿಡಬೇಕೆಂದು ಯೋಚಿಸಿದೆ. ಒಂಬತ್ತನೆಯವರೂ ಅದನ್ನೇ ಹೇಳಿದಾಗ ಪೆನ್ನು ಕೆಳಗಿಟ್ಟೆ. ಆದರೂ ಕಾವ್ಯಾ, ಮುಚ್ಚಿಡುವುದಿಲ್ಲ, ಆಗಲೂ ಅದು ನನ್ನ ಕೈಗುಣ ಎಂದೇ ಭಾವಿಸಿದೆ. ನಮ್ಮ ಕಡೆ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚೂರು ಚಪಾತಿ ಒಳಗಿಟ್ಟು ಹೊಲಿಯುತ್ತೇವಲ್ಲ, ಕೌದಿಯ ಹೊಟ್ಟೆ ಹಸಿದಿರಬಾರದು ಎಂದು. ನೀನು ನಕ್ಕಿದ್ದೆ, ಇದನ್ನೂ ಬರೆದು ಚೀಟಿ ಅಂಟಿಸೋಣ ಎಂದಿದ್ದೆ. ಹೊಟ್ಟೆ ತುಂಬಿದ ಕೌದಿಯಲ್ಲಿ ಕೂಸಿಗೆ ನಿದ್ದೆ ಬರದೆ ಇನ್ನೇನು ಎಂದು ನಾನು ಬೀಗಿದೆ. ಆ ಹಮ್ಮಿನಲ್ಲಿ ಒಂದು ವಾರ ಕಳೆದುಹೋಯಿತು. ಅದಕ್ಕೆ ನನ್ನನ್ನು ನಾನು ಕ್ಷಮಿಸಿಕೊಳ್ಳಲಾರೆ.

ಕಳೆದ ಭಾನುವಾರ ಮನೆಗೆ ಇರುವೆ ನುಗ್ಗಿದವು. ಬಿಸಿಲು ಹೆಚ್ಚಾದರೆ ಈ ಅಪಾರ್ಟ್‌ಮೆಂಟುಗಳಿಗೆಲ್ಲ ಬರುತ್ತವಂತೆ, ಗೋಡೆಯ ಬುಡದಿಂದ ಸಾಲುಸಾಲು. ಸಕ್ಕರೆ ಡಬ್ಬಿ, ದೇವರ ಮುಂದಿನ ಬೆಲ್ಲ, ಯಾವುದನ್ನೂ ಬಿಡಲಿಲ್ಲ. ಬಟ್ಟೆಯ ಕಪಾಟಿನಲ್ಲಿ ಎರಡು ಕೌದಿ ಮಡಿಸಿಟ್ಟಿದ್ದೆ. ಒಂದು ನನಗಾಗಿ ಬರೀ ಸೀರೆಯಲ್ಲಿ ಹೊಲಿದದ್ದು. ಇನ್ನೊಂದು ಹದಿಮೂರನೆಯದು, ಉಳಿದ ಬಿಳಿ ಬಟ್ಟೆ ಹಾಕಿ ನಿನ್ನ ಕೂಸಿಗೆಂದು ಹೊಲಿದದ್ದು. ಎರಡರ ಮೂಲೆಯಲ್ಲೂ ಒಂದೇ ದಿನ ಮಾಡಿದ ಚಪಾತಿಯ ಚೂರು. ನನ್ನ ಕೌದಿಯ ಮೂಲೆ ಇರುವೆ ಮುತ್ತಿ ಕಪ್ಪಾಗಿತ್ತು. ನಿನ್ನ ಕೂಸಿನ ಕೌದಿ ಅದಕ್ಕೆ ತಾಗಿಕೊಂಡೇ ಇತ್ತು, ಅದರ ಮೇಲೆ ಒಂದೂ ಇಲ್ಲ. ಸಾಲು ಅದರ ಹತ್ತಿರ ಬಂದು ಬಳಸಿಕೊಂಡು ಹೋಗುತ್ತಿತ್ತು. ಕತ್ತರಿ ತಂದು ಮೂಲೆ ಬಿಚ್ಚಿದೆ. ಎರಡು ತಿಂಗಳ ಚಪಾತಿ, ಬೂಷ್ಟು ಹಿಡಿದಿರಲಿಲ್ಲ, ಒಣಗಿರಲಿಲ್ಲ, ಈಗ ಹಂಚಿನಿಂದ ಇಳಿಸಿದ ಹಾಗಿತ್ತು. ಹೊಲಿಗೆಯ ಸಂದಿನಲ್ಲಿ ಆರು ಇರುವೆ ಸತ್ತು ಬಿದ್ದಿದ್ದವು. ಮೂಗಿನ ಹತ್ತಿರ ಹಿಡಿದೆ. ಅದೇ ಸಿಹಿ ವಾಸನೆ.

ಸಂಜೆ ವೀರಣ್ಣ ಬಂದಾಗ ಬಿಚ್ಚಿದ ಮೂಲೆಯನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟೆ. ಎತ್ತಿ ಮೂಸಿ ನೋಡಿದ. "ಯವ್ವಾ, ಹೊಸಾವಲ್ಲ ಅವು," ಎಂದ. ಯಂತ್ರದ ಮೇಲಿನ ರಸಾಯನ ಒರೆಸಿದ ಬಟ್ಟೆಗಳಂತೆ. ಒಗೆಸಿ ಮತ್ತೆ ಬಳಸುತ್ತಾರೆ, ಹತ್ತಾರು ಸಲ ಒಗೆದ ಮೇಲೆ ವಿಷದ ಕಸವೆಂದು ಹಳದಿ ಚೀಟಿ ಅಂಟಿಸಿದ ಪೀಪಾಯಿಗೆ ಹಾಕುತ್ತಾರೆ, ಹೊರಗೆ ಒಯ್ಯಲು ಯಾರಿಗೂ ಅಪ್ಪಣೆಯಿಲ್ಲ. ಒಗೆದದ್ದಲ್ಲವೇ, ಏನಾಗುತ್ತದೆ ಎಂದುಕೊಂಡನಂತೆ. ಯಾಕೆ ತಂದೆ ಎಂದು ಕೇಳಿದೆ. "ಪುಕ್ಕಟೆ ಇದ್ದವು. ಖರ್ಚು ಬ್ಯಾಡ ಅಂದಿದ್ಲು ಕಾವ್ಯಾ," ಎಂದ. ನಿನ್ನ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಅವನಿಗೂ ನಿನ್ನನ್ನು ಸಂತೋಷಪಡಿಸುವುದೇ ಬೇಕಾಗಿತ್ತು. ಆದರೆ ಆಮೇಲೆ ಅವನು ಹೇಳಿದ್ದು ನನ್ನ ಕಿವಿಯಿಂದ ಹೋಗುತ್ತಿಲ್ಲ. ಎಲ್ಲವನ್ನೂ ಸದ್ದಿಲ್ಲದೆ ವಾಪಸು ತಂದುಬಿಡೋಣ, ಯಾರಿಗೂ ಕಾರಣ ಹೇಳುವುದು ಬೇಡ. ಗೊತ್ತಾದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ವೀಸಾ ಹೋಗುತ್ತದೆ, ಆರು ವರ್ಷದಿಂದ ಕಾದ ಗ್ರೀನ್ ಕಾರ್ಡು ಹೋಗುತ್ತದೆ, ನೀನೂ ಕೂಸೂ ಬರುವಂತಿಲ್ಲ ಎಂದ. ಮಕ್ಕಳ ಗತಿ ಏನು ಎಂದೆ. "ಏನಾಗೇತಿ ಮಕ್ಕಳಿಗೆ? ನಿದ್ದಿ ಮಾಡ್ಯಾವ ಅಷ್ಟ," ಎಂದ. ಕಾವ್ಯಾ, ನಾನು ಹೂಂ ಅಂದುಬಿಟ್ಟೆ. ಹೆತ್ತವಳಲ್ಲವೇ.

ಸೋಮವಾರದಿಂದ ತಿರುಮಲೇಶ ತನ್ನ ಕಾರಿನಲ್ಲಿ ನನ್ನನ್ನು ಮನೆಮನೆಗೆ ಕರೆದೊಯ್ದ. ಕೆಲಸವಿಲ್ಲದವನು, ಪಾಪ, ಏನನ್ನೂ ಕೇಳಲಿಲ್ಲ. ಹೊಲಿಗೆ ಸಡಿಲವಾಗಿದೆ, ಸರಿಮಾಡಿ ಕೊಡುತ್ತೇನೆ ಎಂದು ಎಲ್ಲರಿಗೂ ಒಂದೇ ಸುಳ್ಳು ಹೇಳಿದೆ. ನನಗೆ ಚಹಾ ಕೊಟ್ಟರು, ಬೇಗ ತನ್ನಿ ಎಂದು ಗೋಗರೆದರು, ಸರಟೋಗಾದವಳಂತೂ ಇನ್ನೂ ನಾಲ್ಕು ಬೇಕು ಎಂದಳು. ಹನ್ನೊಂದು ಬಂದವು. ಬಾಲ್ಕನಿಯಲ್ಲಿ ಕಪ್ಪು ಚೀಲಗಳಲ್ಲಿ ಕಟ್ಟಿಟ್ಟಿದ್ದೇನೆ. ಹನ್ನೆರಡನೆಯದು ಖತೀಜಾಳ ಹತ್ತಿರ ಇದೆ. ನಮ್ಮ ಈಜುಕೊಳದ ಆಚೆಗಿನ ಮನೆ, ಅಮೀನನ ಹೆಂಡತಿ, ಬೆಂಗಳೂರಿನವಳು, ನಿನಗೆ ಬಿರಿಯಾನಿ ಕೊಟ್ಟುಕಳಿಸುತ್ತಿದ್ದಳಲ್ಲ, ಅವಳೇ. ಎರಡು ಸಲ ಹೋದೆ, ಎರಡು ಸಲವೂ ಕೊಡಲಿಲ್ಲ. "ಬೇಡ ಆಂಟಿ, ಹೊಲಿಗೆ ಹೋದ್ರೆ ಹೋಗ್ಲಿ. ಇದಿಲ್ದೆ ಹುಜೈಫಾ ಮಲಗೋದೇ ಇಲ್ಲ. ಅಮೀನ್‌ಗೂ ಬೆಳಿಗ್ಗೆ ಆಫೀಸು ಇರುತ್ತಲ್ಲ," ಎಂದಳು.

ಹುಜೈಫಾನನ್ನು ನೋಡಿದೆ. ಈಗ ಐದು ತಿಂಗಳು. ಆಗಸ್ಟ್‌ನಲ್ಲಿ ನನ್ನ ಬಳೆ ಹಿಡಿದು ಬಿಡುತ್ತಲೇ ಇರಲಿಲ್ಲ. ಮೊನ್ನೆ ಅವನ ಮುಖದ ಮುಂದೆ ಬಳೆ ಆಡಿಸಿದೆ. ಕಣ್ಣು ತೆರೆದೇ ಇತ್ತು, ಬಳೆಯ ಹಿಂದೆ ಹೋಗಲಿಲ್ಲ. ಎತ್ತಿಕೊಂಡರೆ ಕುತ್ತಿಗೆ ನನ್ನ ಭುಜದ ಮೇಲೆ ಹಾಗೇ ವಾಲಿತು. ಡಾಕ್ಟರಿಗೆ ತೋರಿಸಿದ್ದಾಳೆ, ಕೆಲವು ಮಕ್ಕಳು ನಿಧಾನ, ಕಾದು ನೋಡೋಣ ಎಂದರಂತೆ. ಆ ಡಾಕ್ಟರಿಗೆ ಏನು ಗೊತ್ತು? ಮಗು ಯಾವುದರ ಮೇಲೆ ಮಲಗುತ್ತದೆ ಎಂದು ಯಾರು ಹೇಳಿದ್ದಾರೆ? ಕೌದಿ ವಾಪಸು ತಂದರೆ ಸಾಲದು ಎಂದು ನನಗೆ ಆಗ ಹೊಳೆಯಿತು. ಹನ್ನೊಂದು ಮನೆಯಿಂದ ತಂದು ಕಟ್ಟಿಟ್ಟೆನಲ್ಲ, ಆ ಹನ್ನೊಂದು ಕೂಸುಗಳನ್ನು ಯಾವ ಡಾಕ್ಟರೂ ನೋಡಿಲ್ಲ. ಅವರ ತಾಯಂದಿರು ನಾನು ಹೊಲಿಗೆ ಸರಿಮಾಡಿ ತರುತ್ತೇನೆಂದು ಕಾದಿದ್ದಾರೆ.

ಮಗನಿಗೆ ಕೊಟ್ಟ ಮಾತು ಒಂದು ಕಡೆ, ಆ ಕೂಸುಗಳು ಒಂದು ಕಡೆ. ನೀನು ಇಲ್ಲಿದ್ದಿದ್ದರೆ ಕೇಳುತ್ತಿದ್ದೆ. ನಿನ್ನ ಉತ್ತರ ಬರಲು ಹದಿನೈದು ದಿನವಾದರೂ ಬೇಕು. ಹುಜೈಫಾ ಇನ್ನೂ ಹದಿನೈದು ರಾತ್ರಿ ಅದರ ಮೇಲೆ ಮಲಗುತ್ತಾನೆ. ಬೆಳಿಗ್ಗೆಯಿಂದ ಇದೇ ಲೆಕ್ಕ ನನ್ನ ತಲೆಯಲ್ಲಿ ಓಡುತ್ತಿದೆ, ಅನ್ನಕ್ಕೆ ಇಟ್ಟದ್ದೂ ಸೀದುಹೋಯಿತು.

ನಿನ್ನ ತಂದೆ ತಾಯಿಗೆ ನನ್ನ ಶರಣು ಹೇಳು. ಕೂಸಿನ ಹಣೆಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡು. ಅದು ರಾತ್ರಿಯೆಲ್ಲ ಅತ್ತು ನಿನ್ನನ್ನು ಎಬ್ಬಿಸಿದರೆ ಬೈಯಬೇಡ. ಎಬ್ಬಿಸಲಿ. ಬಸವಣ್ಣ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅತ್ತೆ,
ಶರಣವ್ವ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಹರಿದು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿವೆ. ಮಧ್ಯಾಹ್ನ ಖತೀಜಾಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ, ಕೂಗಲಿಲ್ಲ. "ಎಷ್ಟು ರಾತ್ರಿ ಆಯ್ತು ಆಂಟಿ?" ಎಂದು ಕೇಳಿದಳು. ಮೂವತ್ತೈದು ಎಂದೆ. ಒಳಗೆ ಹೋಗಿ ಮಗುವನ್ನು ಕೌದಿಯಿಂದ ಎತ್ತಿ ತೊಡೆಯ ಮೇಲೆ ಹಾಕಿಕೊಂಡು ಕೆನ್ನೆ ತಟ್ಟಿದಳು. ನಾಲ್ಕು ಸಲ ತಟ್ಟಿದ ಮೇಲೆ ಕಣ್ಣು ಬಿಟ್ಟ. ಆಮೇಲೆ ಡಾಕ್ಟರಿಗೆ ಫೋನು ಮಾಡಿದಳು. ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಗುವಿನ ಜೊತೆ ಈಗಲೇ ತನ್ನಿ, ಉಳಿದ ಮಕ್ಕಳನ್ನೂ ಕರೆಸಬೇಕು ಎಂದರಂತೆ. ಹನ್ನೆರಡು ಹೆಸರಿನ ನಿನ್ನ ಪಟ್ಟಿಯನ್ನು ಅವಳ ಕೈಗೆ ಕೊಟ್ಟೆ. ಬಟ್ಟೆ ಯಾವ ಕಾರ್ಖಾನೆಯದು ಎಂದು ಕೇಳಿದಳು, ಹೇಳಿದೆ. ತಂದವರು ಯಾರು ಎಂದು ಕೇಳಿದಳು, ಅದನ್ನೂ ಹೇಳಿದೆ. ನೀನು ವಾಪಸು ಬರಲು ಟಿಕೆಟ್ಟು ತೆಗೆಸಬೇಡ. ಕೆಳಗೆ ವೀರಣ್ಣನ ಕಾರು ಬಂದು ನಿಂತಿತು. ಅವನಿಗೆ ಇನ್ನೂ ಹೇಳಿಲ್ಲ.