ಕೇಕು ಮುಗಿಯದೆ ಏಳುವಂತಿಲ್ಲ

ಮೇಲಣ ಪೇಟೆ, ಥೆಸಲೋನಿಕಿ
ಗುರುವಾರ, 28 ಆಗಸ್ಟ್ 1986

ಪ್ರೀತಿಯ ಸ್ಟ್ರಾಟಿ,

ಕ್ಷೇಮಸಮಾಚಾರಕ್ಕೂ ಮೊದಲು ಕೊಟ್ಟ ಮಾತು, ತಪ್ಪಿದ ಮಾತುಗಳನ್ನು ಓದಿಬಿಡುತ್ತೇನೆ. ಕಾರ್ಮಿಕ ಸಂಘದ ಸಭೆ ಹೀಗೇ ಶುರುವಾಗಬೇಕೆಂದು ಕಲಿತವಳು ನಾನು, ಕೈ ಬೇರೆ ರೀತಿಯಲ್ಲಿ ಬರೆಯುವುದಿಲ್ಲ. ಎಂಟು ವರ್ಷದ ಹಿಂದೆ ಭೂಕಂಪವಾದಾಗ ಪ್ರಾಚ್ಯವಸ್ತು ಇಲಾಖೆಯವರು ನಮ್ಮ ಸಂತ ಪೆಲಾಯಿಯಾ ಚರ್ಚಿಗೆ ಬೀಗ ಜಡಿದು, ಕ್ರಿಸ್‌ಮಸ್ಸಿಗೆ ತೆರೆಯುತ್ತೇವೆ ಎಂದರು. ತೆರೆಯಲಿಲ್ಲ. ಗುಮ್ಮಟಕ್ಕೆ ಕಬ್ಬಿಣದ ಪಟ್ಟಿ ಬಿಗಿದ ಕೂಡಲೇ ತೆರೆಯುತ್ತೇವೆ ಎಂದರು. ಪಟ್ಟಿ ಬಿಗಿದರು, ಬೀಗವನ್ನೂ ಬಿಗಿದರು. ವರ್ಷಕ್ಕೊಮ್ಮೆ ಸಂತಳ ಹಬ್ಬಕ್ಕಾದರೂ ಓಣಿಯವರನ್ನು ಒಳಗೆ ಬಿಡುತ್ತೇವೆ ಎಂದರು. ಬಿಡಲಿಲ್ಲ. ನಮ್ಮ ಮೆಲ್ಪೊ ಮದುವೆ ಅಲ್ಲೇ ಆಗಲಿ ಎಂದು ವಸಂತದಲ್ಲಿ ತಲೆಯಾಡಿಸಿದವರು, ಜೂನ್ ಬರುತ್ತಲೇ "ಪುರಭವನದಲ್ಲಿ ಮಾಡ್ಕೊಳ್ರಮ್ಮ, ಈಗ ಅದಕ್ಕೂ ಕಾನೂನಿದೆಯಲ್ಲಾ" ಎಂದು ಹಲ್ಲುಕಿರಿದರು. ಇವಿಷ್ಟು ಸರ್ಕಾರದ್ದು. ಇನ್ನೊಂದು ಮಾತು ಉಂಟು, ಅದನ್ನು ಕೊಟ್ಟವನು ನೀನು. ಅದನ್ನು ಕೊನೆಯಲ್ಲಿ ಎತ್ತುತ್ತೇನೆ, ಹೆದರಬೇಡ. ಅಥವಾ ಸ್ವಲ್ಪ ಹೆದರು.

ಈಗ ಹೇಳು, ಸೊಂಟ ಹೇಗಿದೆ? ಹಡಗಿನ ಅಡುಗೆಯವನು ಈಗಲೂ ಕಂಡದ್ದಕ್ಕೆಲ್ಲ ಟೊಮೇಟೊ ಸುರಿಯುತ್ತಾನೆಯೇ? ನೀನು ಹಗ್ಗ ಎಳೆಯಲು ಹೋಗಬೇಡ, ಹುಡುಗರಿಗೆ ಹೇಳು, ನಿನಗೆ ಐವತ್ತಾರಾಯಿತು. ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಮೊಣಕಾಲು ಇಳಿಜಾರಿನಲ್ಲಿ ಮಾತ್ರ ಗೊಣಗುತ್ತದೆ, ಈ ಪೇಟೆಯಲ್ಲಿ ಇಳಿಜಾರಲ್ಲದ್ದು ನಮ್ಮ ಊಟದ ಮೇಜೊಂದೇ. ಮೆಲ್ಪೊ ತನ್ನ ಮದುವೆಯ ಬಟ್ಟೆಯನ್ನು ತಾನೇ ಹೊಲಿಯುತ್ತಿದ್ದಾಳೆ, ದಿನಕ್ಕೊಮ್ಮೆ ಬಿಚ್ಚುತ್ತಾಳೆ, ಮತ್ತೆ ಹೊಲಿಯುತ್ತಾಳೆ. ಅರ್ಗೀರಿಸ್ ಒಳ್ಳೆಯ ಹುಡುಗ. ಸಂಜೆ ಬಂದು ಮನೆಯ ಹಳೇ ವೈರುಗಳನ್ನೆಲ್ಲ ಬದಲಿಸಿದ, ಮಾತು ಕಡಿಮೆ, ಊಟ ಜಾಸ್ತಿ. ನಿನ್ನ ಅಳಿಯನಾಗಲು ಎರಡೂ ಅರ್ಹತೆಯೇ.

ಕಳೆದ ಪತ್ರದಲ್ಲಿ ನೀನು ನನ್ನನ್ನು ಆಡಿಕೊಂಡಿದ್ದೀಯ. ತಂಬಾಕು ಗೋದಾಮಿನ ಸಂಘದಲ್ಲಿ ಹಲ್ಲು ಮೂಡಿಸಿಕೊಂಡವಳು, ಮದುವೆಯಾದಂದಿನಿಂದ ಒಂದು ಮೇಣದಬತ್ತಿ ಹಚ್ಚದವಳು, ಈಗ ಚರ್ಚಿಗಾಗಿ ಬೀದಿಗಿಳಿದಳೇ ಎಂದು. ಹೌದು, ಇಳಿದೆ. ದೇವರು ಇದ್ದಾನೋ ಇಲ್ಲವೋ ಅವನಿಗೇ ಬಿಟ್ಟಿದ್ದು, ಬಾಗಿಲು ಮಾತ್ರ ನಮ್ಮದು. ದೊಡ್ಡ ಮುಷ್ಕರದ ವರ್ಷ ಪೊಲೀಸರು ಅಟ್ಟಿಸಿಕೊಂಡು ಬಂದಾಗ ನನ್ನ ಅವ್ವ, ಹೊಟ್ಟೆಯಲ್ಲಿ ನನ್ನನ್ನು ಹೊತ್ತುಕೊಂಡೇ, ಈ ಚರ್ಚಿನ ಹೆಂಗಸರ ಅಟ್ಟದಲ್ಲಿ ಅಡಗಿದ್ದಳು. ರಾಜರು ಕಟ್ಟಿಸಿದರಂತೆ, ಸುಲ್ತಾನರು ಮಸೀದಿ ಮಾಡಿದರಂತೆ, ಮತ್ತೆ ಚರ್ಚಾಯಿತಂತೆ. ಯಾರು ಯಾವಾಗ ಬಂದರೂ ನೆಲ ಗುಡಿಸಿದವರು ಈ ಓಣಿಯ ಹೆಂಗಸರು. ಗುಡಿಸಿದವರಿಗೆ ಹೊರಗೆ ನಿಲ್ಲಿ ಎನ್ನಲು ಇವರು ಯಾರು?

ಸರಿ, ಸುದ್ದಿಗೆ ಬರುತ್ತೇನೆ. ಓಣಿಯ ಹೆಂಗಸರೆಲ್ಲ ಸೇರಿ ಒಂದು ಸಮಿತಿ ಕಟ್ಟಿಕೊಂಡು ನಾವು ಇಲಾಖೆಯ ಮೆಟ್ಟಿಲ ಮೇಲೆ ಮೂರು ಸಲ ಕೂತೆವು. ಮೂರನೆಯ ಸಲ ಓಣಿಗೆಲ್ಲ ಹಿರಿಯಳಾದ ಸುಲ್ತಾನಜ್ಜಿ ತನ್ನ ಹೆಣಿಗೆಯ ಜೊತೆಗೆ, ಅಡುಗೆಗೆಂದು ತಂದಿದ್ದ ಹುರುಳಿಕಾಯಿಯ ರಾಶಿಯನ್ನೂ ಅಲ್ಲೇ ಹರಡಿಕೊಂಡು ನಾರು ಬಿಡಿಸತೊಡಗಿದಳು. ಅದನ್ನು ಕಂಡು, ಇವರು ಇಲ್ಲೇ ಠಿಕಾಣಿ ಹೂಡುತ್ತಾರೆ ಎಂದು ಇಲಾಖೆಯವರಿಗೆ ಗಾಬರಿಯಾಯಿತು. ಕೊನೆಗೆ, ಚರ್ಚಿನೊಳಗಿನ ಅಪಾಯವನ್ನು ನೀವೇ ಕಣ್ಣಾರೆ ಕಂಡು ಸುಮ್ಮನಾಗಿ ಎಂದು ಒಂದೇ ಒಂದು ಗಂಟೆಯ "ಭೇಟಿ"ಗೆ ಒಪ್ಪಿದರು. ಷರತ್ತುಗಳು: ತಲೆಗೆ ಹೆಲ್ಮೆಟ್ಟು. ಪೂಜೆ ಇಲ್ಲ. ಮೇಣದಬತ್ತಿ ಇಲ್ಲ. ತಿನಿಸು ಇಲ್ಲ. ದಿನವನ್ನೂ ಅವರೇ ಗೊತ್ತುಮಾಡಿದರು. ಆಗಸ್ಟ್ ಇಪ್ಪತ್ತೇಳು, ಬುಧವಾರ, ಬೆಳಿಗ್ಗೆ ಹತ್ತು.

ಆಗಸ್ಟ್ ಇಪ್ಪತ್ತೇಳು, ಸ್ಟ್ರಾಟಿ! ಸಂತ ಫನೂರಿಯೋಸನ ದಿನ! ಕಳೆದದ್ದನ್ನು ಹುಡುಕಿಕೊಡುವ ಸಂತನ ದಿನ, ಕಳೆದದ್ದು ಸಿಗಲೆಂದು ಹೆಂಗಸರು ಕೇಕು ಬೇಯಿಸಿ ಹಂಚುವ ದಿನ! ಇಲಾಖೆಯ ಅಧಿಕಾರಿ ಕ್ಲೆಯಾಂಥಿಸ್ ಅಥೆನ್ಸಿನವನು, ಒಳ್ಳೇ ಶರಟು ಹಾಕುವ ಮನುಷ್ಯ. ಅವನ ತಾಯಿ ಅವನಿಗೆ ಆ ದಿನದ ಕೇಕಿನ ಒಂದು ಚೂರನ್ನೂ ತಿನ್ನಿಸಿರಲಿಲ್ಲವೋ ಏನೋ, ದಿನದರ್ಶಿಕೆ ನೋಡದೆ ಅದನ್ನೇ ಆರಿಸಿದ.

ಆ ಕೇಕನ್ನು ಯಾಕಾಗಿ ಮಾಡುತ್ತಿದ್ದೇವೆಂದು ಬಾಯಿಬಿಟ್ಟರೆ ಕೆಲಸ ಕೆಡುತ್ತದೆ ಎಂದು ನನ್ನ ಅವ್ವ ಹೇಳುತ್ತಿದ್ದಳು, ನಿನ್ನ ಅವ್ವನೂ ಹೇಳುತ್ತಿದ್ದಳು, ಎಲ್ಲರ ಅವ್ವಂದಿರೂ ಅದನ್ನೇ ಹೇಳಿದ್ದಾರೆ. ಅದರ ಫಲ ನೋಡು. ಹತ್ತು ಗಂಟೆಗೆ ಚರ್ಚಿನ ಮುಂದಿನ ಇಳಿಜಾರಿನಲ್ಲಿ ಹದಿನಾಲ್ಕು ಹೆಂಗಸರು ಸಾಲಾಗಿ ನಿಂತಿದ್ದೇವೆ, ಕೈಯಲ್ಲಿ ಒಂದೊಂದು ಚೀಲ, ಮುಖದಲ್ಲಿ ಏನೂ ಇಲ್ಲದಂಥ ಗಾಂಭೀರ್ಯ, ಗಾಳಿಯಲ್ಲಿ ಮಾತ್ರ ದಾಲ್ಚಿನ್ನಿ, ಲವಂಗ, ಕಿತ್ತಳೆ ಸಿಪ್ಪೆಯ ಘಮಲು. ಕಾವಲುಗಾರ ಅಪೊಸ್ಟೋಲಿಸ್ ಮೂಗರಳಿಸಿ "ಏನಜ್ಜೀ ಅದು ಚೀಲದಲ್ಲಿ?" ಎಂದ. "ಹೆಣಿಗೆ ಕಣಪ್ಪಾ" ಎಂದಳು ಸುಲ್ತಾನಜ್ಜಿ. "ಹೆಣಿಗೆ ಬಿಸಿಯಾಗಿದೆಯಲ್ಲಾ?" "ಉಣ್ಣೆ ಅಲ್ವಾ, ಬಿಸಿಯಾಗೇ ಇರತ್ತೆ." ಅಷ್ಟರಲ್ಲಿ ಪಕ್ಕದ ಎವ್ದೊಕಿಯಾಳ ಚೀಲದಿಂದ ತಟ್ಟೆ ಜಾರಿ ಠಣ್ ಎಂದಿತು. ಎಲ್ಲರೂ ಎಲ್ಲರ ಚೀಲ ನೋಡಿದೆವು. "ಅಯ್ಯೋ ನಿನ್ನ ಮನೆ ಹಾಳಾಗ, ನೀನೂ ಮಾಡಿದ್ಯಾ?" "ನೀನು ಮಾಡಿಲ್ವಾ?" ಎಂದು ನಕ್ಕು ನಕ್ಕು ಹೆಲ್ಮೆಟ್ಟುಗಳು ಕಿವಿಗೆ ಜಾರಿದವು. ಆಮೇಲೆ ಹದಿಮೂರು ಜೋಡಿ ಕಣ್ಣು ನನ್ನ ಚೀಲದ ಮೇಲೆ ನೆಟ್ಟವು. "ಥೆಯಾನೋ, ನೀನಂತೂ ಏನೂ ನಂಬಲ್ಲ. ನಿನ್ನ ಚೀಲದಲ್ಲೇನೇ?" ಎಂದಳು ಎವ್ದೊಕಿಯಾ. ನಗಬೇಡ ಸ್ಟ್ರಾಟಿ. ನನ್ನದೂ ಇತ್ತು. ಒಣದ್ರಾಕ್ಷಿ ಹಾಕಿದ್ದು. ನಂಬಿಕೆಯಿಂದಲ್ಲ, ಮುಷ್ಕರಕ್ಕೆ ಹೋಗುವಾಗ ಒಂದು ಬಾವುಟ ಹೆಚ್ಚಿಗೆ ಇರಲಿ ಎನ್ನುತ್ತೇವಲ್ಲ, ಹಾಗೆ.

ಒಳಗೆ ಹೋದೆವು. ನಾನು ಸಿಟ್ಟನ್ನು ತಯಾರು ಮಾಡಿಕೊಂಡೇ ಹೋಗಿದ್ದೆ, ಆದರೆ ಮೊದಲು ಬಂದದ್ದು ಅದಲ್ಲ. ಗುಮ್ಮಟದ ಕಿಟಕಿಗಳಿಂದ ಬಿಸಿಲು ಇಳಿದು ನಾಲ್ಕು ಕಂಬಗಳ ನಡುವೆ ನಿಂತಿತ್ತು, ನಾವು ಬಿಟ್ಟುಹೋದಲ್ಲೇ. ಸುಲ್ತಾನಜ್ಜಿ ತಾನು ಯಾವಾಗಲೂ ಒರಗಿ ನಿಲ್ಲುತ್ತಿದ್ದ ಕಂಬಕ್ಕೆ ಬೆನ್ನು ಕೊಟ್ಟು, "ಇಲ್ಲೇ ಇದ್ದೀಯೇನೋ ಮಾರಾಯ" ಎಂದು ಅದನ್ನು ತಟ್ಟಿದಳು. ಮೆಲ್ಪೊ ನನ್ನ ಕೈ ಹಿಡಿದುಕೊಂಡಳು. ಎಡಗೋಡೆಯನ್ನು ತೋರಿಸಿದಳು. ನಾವು ಮದುವೆಯಾದಾಗ ಸುಣ್ಣ ಬಳಿದ ಬೋಳು ಗೋಡೆ ಅದು, ನೆನಪಿದೆಯೇ? ಸುಣ್ಣವನ್ನು ಕೆರೆದು ತೆಗೆದಿದ್ದಾರೆ. ಅಡಿಯಲ್ಲಿ ಬಣ್ಣದಲ್ಲಿ ಬರೆದ ಒಂದು ಮದುವೆಯ ಮನೆ! ಬೈಬಲಿನ ಕಾನಾ ಊರಿನ ಮದುವೆ, ನೀರು ದ್ರಾಕ್ಷಾರಸವಾದ ಪವಾಡದ್ದು. ದ್ರಾಕ್ಷಾರಸ ಮುಗಿದುಹೋಗಿ ಗಾಬರಿಯಾದ ಮನೆ. ಉದ್ದನೆಯ ಮೇಜು, ಮೂಲಂಗಿ, ರೊಟ್ಟಿ, ದೊಡ್ಡ ಕೊಡಗಳು, ಮೂಲೆಯಲ್ಲಿ ಅಂಗಿಯ ತೋಳು ಮಡಿಚಿದ ಒಬ್ಬ ಆಳು ಹೆಂಗಸು ಕೊಡ ಎತ್ತಿ ಸುರಿಯುತ್ತಿದ್ದಾಳೆ. ನೀರು ದ್ರಾಕ್ಷಾರಸವಾಗಿದ್ದು ಅವಳಿಗೆ ಆಗಲೇ ಗೊತ್ತಾಗಿದೆ, ತುಟಿಯ ಕೊನೆಯಲ್ಲಿ ನಗು. ಮೇಜಿನಲ್ಲಿ ಕೂತ ದೊಡ್ಡವರಿಗೆ ಇನ್ನೂ ಗೊತ್ತಿಲ್ಲ. ಆರುನೂರು ವರ್ಷದ ಹಿಂದೆ ಯಾವನೋ ಚಿತ್ರಗಾರನಿಗೆ ಗೊತ್ತಿತ್ತು, ಹಬ್ಬ ಯಾರ ತೋಳಿನಿಂದ ನಡೆಯುತ್ತದೆ ಎಂದು. ನನಗೆ ಕಣ್ಣು ತುಂಬಿತು. ಇದನ್ನು ಓಣಿಯಲ್ಲಿ ಯಾರಿಗೂ ಹೇಳಬೇಡ ಎಂದು ಮೆಲ್ಪೊಗೆ ಹೇಳಿದ್ದೇನೆ.

ಆಮೇಲೆ ಸಿಟ್ಟು ಬಂತು, ತಯಾರು ಮಾಡಿದ್ದಕ್ಕಿಂತ ದೊಡ್ಡದು. ಯಾಕೆಂದರೆ ಒಳಗೆ ಗುಮ್ಮಟಕ್ಕೆ ಆನಿಸಿದ ಆಸರೆಯ ಮರಗಳೇ ಇಲ್ಲ! ಒಂದೂ ಇಲ್ಲ! ರಿಪೇರಿ ಎಂದೋ ಮುಗಿದಿದೆ. ಹೆಂಗಸರು ನಿಲ್ಲುತ್ತಿದ್ದ ಕಡೆ ಇಲಾಖೆಯ ಮುರಿದ ಕುರ್ಚಿಗಳು, ಸಿಮೆಂಟಿನ ಚೀಲ. ಪಾದ್ರಿ ನಿಂತು ಓದುವ ಜಾಗದಲ್ಲಿ ಅಪೊಸ್ಟೋಲಿಸನ ಕಾಫಿ ಒಲೆ, ಪಗಡೆ ಹಲಗೆ. ಅವನು ಪಾಪ, ಕಿವಿ ಕೆಂಪಾಗಿ ಹಲಗೆ ಮಡಿಚಿಟ್ಟ. ಅವನನ್ನು ನಾನು ಬಯ್ಯಲಿಲ್ಲ, ಬೀಗ ಹಾಕಿಸಿದವನು ಅವನಲ್ಲ. "ಸ್ವಾಮೀ, ಬೀಳ್ತಾ ಇರೋ ಗುಮ್ಮಟ ಯಾವುದು? ತೋರಿಸಿ, ನಮಗೂ ಸ್ವಲ್ಪ ಹೆದರಿಕೆ ಆಗಲಿ" ಎಂದೆ ಕ್ಲೆಯಾಂಥಿಸ್‌ಗೆ. ಅವನು ಕಣ್ಣಿಗೆ ಕಾಣದ ಒತ್ತಡ, ತಜ್ಞರ ಅಭಿಪ್ರಾಯ, ಹೆಚ್ಚು ಜನ ಸೇರಿದರೆ ನೆಲದ ಕಂಪನ ಎಂದೆಲ್ಲ ಶುರುಮಾಡಿದ. ಸುಲ್ತಾನಜ್ಜಿ ಕಂಬದಿಂದಲೇ ಕೇಳಿದಳು: "ಮಗಾ, ಈಸ್ಟರ್ ಆದ್ಮೇಲೆ ಎರಡು ಬಸ್ ತುಂಬ ಪರದೇಶದ ಪ್ರೊಫೆಸರುಗಳು ಬಂದಿದ್ರಲ್ಲಾ. ಅವರ ಮೇಲೆ ಬೀಳದ ಗುಮ್ಮಟ ನನ್ನ ತಲೇನೇ ಹುಡುಕ್ಕೊಂಡು ಬರತ್ತಾ?" ಅವನು ಗಡಿಯಾರ ನೋಡಿ "ಗಂಟೆ ಆಯ್ತು, ಹೊರಡಿ" ಎಂದ.

ಹೊರಡುವುದೇ? ಅಷ್ಟು ಹೊತ್ತೂ ಒಂದು ಮೂಲೆಯಲ್ಲಿ ಹೆಲ್ಮೆಟ್ಟು ಹಾಕಿಕೊಂಡು, ಗಡ್ಡವನ್ನು ಎದೆಗಿಳಿಬಿಟ್ಟು, "ನಾನು ಬರೀ ನಾಗರಿಕ" ಎಂದು ಸುಮ್ಮನೆ ನಿಂತಿದ್ದರು ನಮ್ಮ ಪಾದ್ರಿ ಯೊರ್ಡಾನಿಸ್. ಸುಲ್ತಾನಜ್ಜಿ ತನ್ನ ಕೇಕು ತೆಗೆದು ಅವರ ಮೂಗಿನ ಮುಂದೆ ಹಿಡಿದಳು. ಒಂದು ಪ್ರಾರ್ಥನೆಯನ್ನು ಅವರು ಕೆಮ್ಮಿದಂತೆ ನಟಿಸುತ್ತಲೇ ಹೇಳಿ ಮುಗಿಸಿದರು. ಕ್ಲೆಯಾಂಥಿಸ್ ತಿರುಗುವಷ್ಟರಲ್ಲಿ ಹದಿನಾಲ್ಕು ಕೇಕುಗಳು ಹರಕೆ ಪಡೆದು ಕೊಯ್ಯಲ್ಪಟ್ಟಿದ್ದವು. ಕೊಯ್ದ ಮೇಲೆ ಗೊತ್ತಲ್ಲ, ಅದನ್ನು ಮನೆಗೆ ಹಿಂದಕ್ಕೆ ಒಯ್ಯುವಂತಿಲ್ಲ. ಅಕ್ಕಪಕ್ಕದವರಿಗೆ ಹಂಚಿ ಮುಗಿಸಬೇಕು. ಆದರೆ ಅಕ್ಕಪಕ್ಕದವಳ ಕೈಯಲ್ಲೂ ಒಂದೊಂದು ಕೇಕು! ಯಾರು ಯಾರಿಗೆ ಕೊಡುವುದು? "ಸ್ವಾಮೀ, ನಾವೇನೋ ಹೊರಡ್ತೀವಿ. ಕೇಕು ಮುಗಿಯದೆ ಏಳುವಂತಿಲ್ಲ, ಸಂತನ ಕಟ್ಟಳೆ" ಎಂದು ಸುಲ್ತಾನಜ್ಜಿ ನೆಲದಲ್ಲೇ ಕೂತುಬಿಟ್ಟಳು. ನಾವೂ ಕೂತೆವು. ಜೀವಮಾನದಲ್ಲಿ ಎಷ್ಟೋ ಧರಣಿ ಕೂತಿದ್ದೇನೆ, ಇಷ್ಟು ರುಚಿಯಾದದ್ದು ಒಂದೂ ಇಲ್ಲ.

ಮೆಲ್ಪೊ ಬಾಗಿಲಿಗೆ ಹೋಗಿ ಓಣಿಗೆಲ್ಲ ಕೇಳುವಂತೆ ಕೂಗಿದಳು, "ಬನ್ರೋ, ಕೇಕು ತಿನ್ನೋಕೆ ಜನ ಬೇಕು!" ಕಾಫಿ ಅಂಗಡಿಯ ಗಂಡಸರು ಬಂದರು, ಅವರು ಪುಕ್ಕಟೆಯಾದರೆ ನರಕಕ್ಕೂ ಬರುವವರು. ಮೀನು ಮಾರುವವನು ಬುಟ್ಟಿ ಹೊರಗಿಟ್ಟು ಬಂದ. ಮಕ್ಕಳು, ಬಸುರಿಯರು, ಕೋಟೆಗೋಡೆ ನೋಡಲು ಬಂದಿದ್ದ ಇಬ್ಬರು ಜರ್ಮನ್ನರು, ಮದುವೆಯ ಮನೆಗೆ ನುಗ್ಗಿದಂತೆ ಬಂದರು. ತಿಂದವರೆಲ್ಲ ಕಟ್ಟಳೆಯಂತೆ "ಸಂತನ ತಾಯಿಯನ್ನು ದೇವರು ಕ್ಷಮಿಸಲಿ" ಎಂದರು. ಆಕೆ ಮಾಡಿದ ಪಾಪವೇನು ಎಂದು ಇವತ್ತಿಗೂ ಯಾರೂ ನನಗೆ ಹೇಳಿಲ್ಲ. ಮಗ ಸಂತ, ತಾಯಿ ಪಾಪಿ! ಬರೆದವನು ಗಂಡಸೇ ಇರಬೇಕು. ನಾನು ಮಾತ್ರ "ಆಕೆ ನಿರಪರಾಧಿ" ಎಂದು ಘೋಷಣೆ ಕೂಗಿದೆ, ಎವ್ದೊಕಿಯಾ ಜೊತೆಗೂಡಿದಳು, ಪಾದ್ರಿ ಮತ್ತೆ ಕೆಮ್ಮಿದರು.

ಮಧ್ಯಾಹ್ನದ ಹೊತ್ತಿಗೆ ಚರ್ಚು ತುಂಬಿ ಅಂಗಳಕ್ಕೆ ಚೆಲ್ಲಿತ್ತು. ಯಾರೋ ಹಾಡಿದರು, ಮಕ್ಕಳು ಕುಣಿದರು. ಗುಮ್ಮಟ ಅಲ್ಲಾಡಲಿಲ್ಲ, ಒಂದು ಚೂರು ಗಾರೆಯೂ ಉದುರಲಿಲ್ಲ. ಕ್ಲೆಯಾಂಥಿಸ್ ಅದನ್ನೇ ನೋಡುತ್ತ ನಿಂತಿದ್ದ. ನಾನು ನನ್ನ ಒಣದ್ರಾಕ್ಷಿಯ ಕೇಕಿನ ತುಂಡೊಂದನ್ನು ಅವನ ಕೈಗಿಟ್ಟೆ. ತಿಂದ. ಇನ್ನೊಂದು ತಗೊಂಡ. "ನಮ್ಮಮ್ಮ ವಾಲ್‌ನಟ್ ಹಾಕೋಳು" ಎಂದ, ಸಣ್ಣ ಹುಡುಗನ ಹಾಗೆ. ಅಂದರೆ ಅವನ ತಾಯಿಗೆ ನಾನು ಅನ್ಯಾಯ ಮಾಡಿದ್ದೆ, ತಿನ್ನಿಸಿದ್ದಾಳೆ. ಆಮೇಲೆ ಕಾಫಿ ಅಂಗಡಿಗೆ ಹೋಗಿ ಮೇಲಿನವರಿಗೆ ಫೋನು ಹಚ್ಚಿದ. ನಾವು ಕಿಟಕಿಯ ಹೊರಗೆ ನಿಂತು ಕೇಳಿದೆವು. "ಇಲ್ಲ ಸಾರ್, ಎಬ್ಬಿಸೋಕಾಗಲ್ಲ. ಇನ್ನೂ ಐದು ಕೇಕು ಬಾಕಿ ಇದೆ ಸಾರ್... ಪತ್ರಿಕೆಯವರೂ ತಿಂತಾ ಇದ್ದಾರೆ ಸಾರ್."

ಮೇಲಿನವರು ಮಣಿದರು. ಭಾನುವಾರದಿಂದ ಬಾಗಿಲು ತೆರೆದಿರುತ್ತದೆ, ಸ್ಟ್ರಾಟಿ. ಪ್ರತಿ ಭಾನುವಾರ, ಹಬ್ಬಗಳಲ್ಲಿ, ಮದುವೆ ನಾಮಕರಣಗಳಲ್ಲಿ. ಅವರಿಗೆ ನ್ಯಾಯಬುದ್ಧಿ ಹುಟ್ಟಿ ಕೊಟ್ಟದ್ದಲ್ಲ, ಹೆದರಿ ಕೊಟ್ಟದ್ದು. ಹೆದರಿ ಕೊಟ್ಟದ್ದನ್ನು ಕಾಯಬೇಕು, ಅದಕ್ಕೆ ಸಮಿತಿ ವಿಸರ್ಜನೆ ಇಲ್ಲ. ಒಂದು ಷರತ್ತಿಗೆ ನಾವೂ ಒಪ್ಪಿದೆವು, ಮೇಣದಬತ್ತಿ ಅಂಗಳದಲ್ಲಿ ಹಚ್ಚುವುದು. ಅದು ಸರಿಯಾದ ಮಾತು, ಆ ಆಳು ಹೆಂಗಸಿನ ನಗುವಿಗೆ ಹೊಗೆ ಹಿಡಿಯಬಾರದು. ಬೀಗದ ಕೈ ಸುಲ್ತಾನಜ್ಜಿಯ ಮಡಿಲಿಗೆ ಬಂದಿದೆ. ಅಪೊಸ್ಟೋಲಿಸ್ ಇವತ್ತು ಬೆಳಿಗ್ಗೆ ಮುರಿದ ಕುರ್ಚಿಗಳನ್ನು ತಾನೇ ಹೊತ್ತು ಹೊರಗೆ ಹಾಕಿದ. ಪಗಡೆ ಹಲಗೆ ನಮ್ಮ ಮನೆಯಲ್ಲಿದೆ, ನೀನು ಬಂದಾಗ ಸೋಲಿಸುತ್ತಾನಂತೆ.

ಮೆಲ್ಪೊ ನಿನ್ನ ಕೈಗೆ ಮುತ್ತಿಡುತ್ತಾಳೆ. ಅರ್ಗೀರಿಸ್ ನಮಸ್ಕಾರ ಹೇಳಿದ್ದಾನೆ, ಬಾಯಲ್ಲಿ ಕೇಕಿತ್ತು. ಸುಲ್ತಾನಜ್ಜಿ ನಿನ್ನ ಹಡಗಿಗೆ ಹಿತವಾದ ಗಾಳಿ ಹರಸಿದ್ದಾಳೆ. ನಾನು ಹರಸುವವಳಲ್ಲ, ಕಾಯುವವಳು.

ನಿನ್ನ,
ಥೆಯಾನೋ

ಮರೆತೆ ಎಂದುಕೊಂಡೆಯಾ? ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಕಳೆದ ಸಲ ಹಡಗು ಹತ್ತುವಾಗ ಬಂದರಿನಲ್ಲಿ, ಇನ್ನು ಸಾಕು, ಇಳಿದು ಬಾ ಎಂದು ನಾನು ಕೇಳಿದ್ದಕ್ಕೆ ನೀನು ನಕ್ಕು ಹೇಳಿದ್ದು: "ಸಂತ ಪೆಲಾಯಿಯಾ ಬಾಗಿಲು ತೆರೆದ ದಿನ ನಾನೂ ಇಳಿದುಬಿಡ್ತೀನಿ, ಮತ್ತೆ ಹತ್ತಲ್ಲ." ಎಂದಿಗೂ ತೆರೆಯದು ಎಂದುಕೊಂಡೇ ನೀನು ಹಾಗೆ ಹೇಳಿದ್ದು, ನನಗೆ ಗೊತ್ತು. ತೆರೆದಿದೆ. ಇಲಾಖೆಯನ್ನೇ ಮಣಿಸಿದವಳ ಮುಂದೆ ನಿನ್ನ ಕ್ಯಾಪ್ಟನ್ ಯಾವ ಲೆಕ್ಕ? ಈ ಪತ್ರ ರಾಟರ್‌ಡ್ಯಾಮಿನಲ್ಲಿ ಕೈಸೇರಿದ ದಿನವೇ ಗಂಟು ಕಟ್ಟು. ಮಗಳನ್ನು ಬಾಗಿಲಲ್ಲಿ ಅಳಿಯನ ಕೈಗೆ ಒಪ್ಪಿಸುವುದು ಅಪ್ಪನ ಕೆಲಸ, ಅದನ್ನು ಸಮಿತಿಗೆ ವಹಿಸಲಾಗದು. "ಹೆಂಡತಿ ಗಂಡನಿಗೆ ಅಂಜಲಿ" ಎಂದು ಪಾದ್ರಿ ಓದುವಾಗ ಮೆಲ್ಪೊ ಅರ್ಗೀರಿಸನ ಕಾಲನ್ನು, ನಮ್ಮ ಮದುವೆಯಲ್ಲಿ ನಾನು ನಿನ್ನದನ್ನು ತುಳಿದಷ್ಟೇ ಜೋರಾಗಿ ತುಳಿಯುವವಳಿದ್ದಾಳೆ, ಅಭ್ಯಾಸ ನಡೆದಿದೆ. ನೋಡಲು ಬಾ. ಸಂತ ಪೆಲಾಯಿಯಾದ ಬಾಗಿಲು, ಭಾನುವಾರ, ಸೆಪ್ಟೆಂಬರ್ 28, ಸಂಜೆ ಆರು ಗಂಟೆ.