ಹದಿನಾರು ಹೆಗಲಿನ ದಾರಿ

ಜಿಲ್ಲಾ ಪುಸ್ತಕದ ಸಂಪಾದಕರಿಗೆ ನಮಸ್ಕಾರ.

ತಿದ್ದಿಕೊಡಲು ನೀವು ಕಳಿಸಿದ ನಮ್ಮ ಬೆಟ್ಟದ ಪುಟ ತಲುಪಿತು. ಎತ್ತರ, ಚಳಿ, ಮಂಜು ಕವಿಯುವ ತಿಂಗಳು ಎಲ್ಲ ಸರಿಯಾಗಿದೆ. 'ಇಲ್ಲಿನವರು ಮಿತಭಾಷಿಗಳು' ಎಂಬುದು ನನ್ನ ಹೆಂಡತಿಯ ಬಾಯಿ ಕೇಳದೆ ಬರೆದ ಮಾತು, ಇರಲಿ.

'ಆಸ್ಪತ್ರೆಗೆ ನಾಲ್ಕು ಮೈಲಿ' ಎಂಬುದನ್ನು ಮಾತ್ರ ತಿದ್ದಬೇಕು. ಇಷ್ಟು ಹತ್ತಿರಕ್ಕೆ ರಸ್ತೆ ಯಾಕೆ ಎನ್ನುತ್ತಾರೆ ಅಧಿಕಾರಿಗಳು. ರೋಗಿಯನ್ನು ಜೋಲಿಯಲ್ಲಿ ಹೊತ್ತು ಇಳಿಯುವ ನಮಗೆ, ಎಷ್ಟು ಸಲ ಹೆಗಲು ಬದಲಿಸಿದೆವೋ ಅಷ್ಟು ದೂರ. ಆಸ್ಪತ್ರೆಗೆ ಹದಿನಾರು ಹೆಗಲು. ದಯವಿಟ್ಟು ಹಾಗೆಯೇ ಅಚ್ಚು ಹಾಕಿಸಿ.

ಹೋದ ತಿಂಗಳು ಹೆರಿಗೆ ನೋವಿನಲ್ಲೂ ನನ್ನ ಹೆಂಡತಿ ಜೋಲಿಯೊಳಗಿಂದ ಎಣಿಸುತ್ತಿದ್ದಳು: "ಹತ್ತಾಯ್ತು, ಇನ್ನು ಆರೇ ನೋಡಿ." ಹನ್ನೊಂದನೆಯ ಹೆಗಲಿಗೆ ಅವಳ ಎಣಿಕೆಯೂ ಉಸಿರೂ ನಿಂತವು; ಅಲ್ಲಿಂದ ನಾವು ಮನೆಯ ಕಡೆಗೆ ತಿರುಗಿದೆವು. ಬೆಟ್ಟ ಹತ್ತುವಾಗ ಯಾರೂ ಎಣಿಸಲಿಲ್ಲ.

ಇತಿ,
ಬೆಟ್ಟದ ಶಾಲೆಯ ಶಿಕ್ಷಕ