ಸಂಜೆಯ ಮೋಡಕ್ಕೆ ಒಂದು ಸ್ವೆಟರ್

ಮನೆ, ಹೊಲಿಗೆ ಯಂತ್ರದ ಪಕ್ಕದಿಂದ
ಹದಿನಾಲ್ಕನೇ ತಾರೀಕು, ಭಾನುವಾರ

ಪ್ರೀತಿಯ ಗುಂಡೂ,

ಹೇಗಿದ್ದೀಯ? ನೆಗಡಿ ಇಳಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ತಾನೆ? ಕಾಗದ ಮನೆಗೆ ಬಾರದೆ ನೀನು ಪಾಠ ಹೇಳುವ ಶಾಲೆಗೆ ಬಂತಲ್ಲ ಎಂದು ಗಾಬರಿಯಾಗಬೇಡ. ನಾವಿಬ್ಬರೂ ಗುಂಡುಕಲ್ಲಿನ ಹಾಗಿದ್ದೇವೆ.

ಗುರುವಾರ ನಿನ್ನಲ್ಲಿಗೆ ಹೊರಡುವುದೆಂದು ನಿಶ್ಚಯವಾದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಫೋನಿನಲ್ಲಿ ನೀನು, "ಇಲ್ಲಿ ಬೆಳಿಗ್ಗೆ ಬಿಸಿಲು, ಸಂಜೆ ಮೋಡ ಕಟ್ಟುತ್ತೆ ಅಮ್ಮಾ, ಯಾವಾಗ ಗುಡುಗುತ್ತೋ ಹೇಳಕ್ಕಾಗಲ್ಲ" ಎಂದೆಯಲ್ಲ, ನಾನೊಬ್ಬಳು ಪೆದ್ದಿ, ಅದನ್ನೇ ಹಿಡಿದು ಚೀಲ ತುಂಬಲು ಕೂತೆ. ದಪ್ಪನೆಯದೊಂದನ್ನು ಹೊರುವ ಬದಲು ತೆಳ್ಳನೆಯವನ್ನು ಒಂದರ ಮೇಲೊಂದು ಹಾಕಿಕೊಂಡರೆ ಚಳಿಗೂ ಆಯಿತು, ಬಿಸಿಲೇರಿದರೆ ಒಂದೊಂದೇ ಬಿಚ್ಚಲೂ ಆಯಿತು. ಬಟ್ಟೆ ಹೊಲಿಯುವವಳಿಗೆ ಅಷ್ಟೂ ತಿಳಿಯದೇ? ಆದರೆ ನಿಮ್ಮಪ್ಪ ಬಿಡಬೇಕಲ್ಲ! ಜೀವಮಾನವೆಲ್ಲ ಬಸ್ಸಿನ ಕಂಡಕ್ಟರಾಗಿ, ಹೆಚ್ಚು ಲಗೇಜು ತಂದವರನ್ನು ಗದರಿದ ಮನುಷ್ಯ, ಈಗ ಕಂಬಳಿ, ಫ್ಲಾಸ್ಕು, ಇನ್ನೊಂದು ಜೊತೆ ಚಪ್ಪಲಿ ಎಂದು ತುರುಕುತ್ತಲೇ ಇದ್ದಾರೆ. ನಾನು ತೆಗೆದಿಟ್ಟರೆ ಅವರು ಮತ್ತೆ ತುಂಬುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಕೋಣ ಯಾರೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಇವತ್ತು ಬೆಳಿಗ್ಗೆ ನಾನು ಮತ್ತೆ ಕಂಬಳಿ ಹೊರಗೆ ಹಾಕಿದ್ದೇ ತಡ, ಮುಖ ಊದಿಸಿಕೊಂಡು "ನಡುಗ್ಕೊಂಡು ಕೂತ್ಕೋ ಹೋಗು, ನನಗೇನು!" ಎಂದು ಬಾಗಿಲಾಚೆ ಹೋಗಿ ನಿಂತರು. "ಮೋಡ ಕಟ್ಟಿತು" ಎಂದು ನನ್ನ ಬಾಯಿಂದ ತಾನಾಗಿ ಬಂತು. ನಿನ್ನದೇ ಮಾತು. ಅಪ್ಪನಿಗೆ ಸಿಟ್ಟು ಬಂದಾಗಲೆಲ್ಲ ಈ ಯಂತ್ರದ ಹಿಂದೆ ಅವಿತು "ಅಮ್ಮಾ, ಮೋಡ ಕಟ್ಟಿದೆ" ಎಂದು ಪಿಸುಗುಟ್ಟುತ್ತಿದ್ದೆಯಲ್ಲ! ಆದರೆ ಅವರ ಮೋಡ ಒಂದು ಲೋಟ ಕಾಫಿಗೆ ಕರಗುತ್ತಿತ್ತು. ಕಂಬಳಿ ಹಿಡಿದು ನಿಂತವಳು ನಿಂತೇ ಬಿಟ್ಟೆ ಗುಂಡೂ. ಆಮೇಲೆ ತುಂಬಿದ್ದನ್ನೆಲ್ಲ ಮಂಚದ ಮೇಲೆ ಸುರಿದು ಒಂದು ಜೊತೆ ಬಟ್ಟೆ, ಒಂದು ಸ್ವೆಟರ್, ಒಂದು ಕೊಡೆ ಇಷ್ಟನ್ನೇ ಒಳಗಿಟ್ಟೆ. ಕಾರಣವನ್ನು ನಿಮ್ಮಪ್ಪನಿಗೂ ಹೇಳಿದೆ. ಅವರು ತಾವೇ ಕಂಬಳಿ ಮಡಚಿ ಬೀರುವಿನಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದ ಕಡೆ ಹೋದರು.

ಅಳಿಯಂದಿರನ್ನು ಕೇಳಿದೆವೆಂದು ಹೇಳು ಎಂದು ಪ್ರತಿ ಸಲ ಬರೆಯುತ್ತಿದ್ದೆ. ಈ ಸಲ ಬರೆಯುವುದಿಲ್ಲ. ನಮ್ಮಿಬ್ಬರ ಆಶೀರ್ವಾದ ಅಷ್ಟೂ ನಿನಗೊಬ್ಬಳಿಗೇ.

ನಿನ್ನ
ಅಮ್ಮ

ತಾ.ಕ.: ನೀನು ಹೇಳಿದ ಮೋಡ ಆಕಾಶದ್ದಲ್ಲ ಎಂದು ತಡವಾಗಿಯಾದರೂ ತಿಳಿಯಿತು. ದೊಡ್ಡ ಚೀಲವನ್ನೇ ತರುತ್ತಿದ್ದೇನೆ, ಖಾಲಿ ಜಾಗವೆಲ್ಲ ನಿನ್ನ ಬಟ್ಟೆಗೆ. ಬುಧವಾರ ಫೋನ್ ಮಾಡುತ್ತೇನೆ. ಪಕ್ಕದಲ್ಲಿ ನಿನ್ನ ಗಂಡನಿದ್ದರೆ ಏನೂ ವಿವರಿಸಬೇಡ. ನನ್ನ ಜೊತೆ ಬರುವುದಾದರೆ "ಸ್ವೆಟರ್ ತಗೊಂಡು ಬಾ ಅಮ್ಮಾ" ಅನ್ನು, ಸಾಕು. ಈಗ ತಾನೇ ನಿಮ್ಮಪ್ಪ ಬಂದರು. ನನಗೆ ಹೋಗಲು ಒಂದು ಸೀಟು, ಬರಲು ಎರಡು ಹಿಡಿದಿದ್ದಾರೆ. ನೀನು ಬೇಡವೆಂದರೆ ಚೀಲವನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರುತ್ತೇನೆ, ಬೇಜಾರಿಲ್ಲ. ಆದರೆ ಕಿಟಕಿಯ ಪಕ್ಕದ್ದು ನಿನ್ನದು.